ಕಾರಿನ ವೇಗ ಮತ್ತು ಕಾನೂನಿನ ಮಿತಿ: ಸಮರ್ಥನೆಗಳ ಒಂದು ವಿಮರ್ಶೆ

ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರ. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿಗಳನ್ನು ಹಾದುಹೋಗುವ ಈ ದಾರಿಯಲ್ಲಿ ಬಸ್ಸು, ಲಾರಿ, ಟ್ರ್ಯಾಕ್ಟರು, ಬೈಕು, ಸೈಕಲ್ಲು, ನಡೆದು ಹೋಗುವವರು ಎಲ್ಲರೂ ಇರುತ್ತಾರೆ. ಈ ರಸ್ತೆಯ ಬದಿಯಲ್ಲಿ ನಿಂತಿರುವ ಯಾವುದಾದರೂ ಕಾರಿನ ವೇಗಮಾಪಕವನ್ನು ನೋಡಿ. ಅದರಲ್ಲಿ 180, 200 ಅಥವಾ 220ರವರೆಗೆ ಅಂಕಿಗಳಿರುತ್ತವೆ. ಟೈರಿನ ಪಕ್ಕೆಯ ಮೇಲೆ ಅಳತೆಯ ಅಂಕಿಗಳ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಅದು ‘ಎಸ್’ ಆಗಿದ್ದರೆ ಆ ಟೈರು ಗಂಟೆಗೆ 180 ಕಿ.ಮೀ., ‘ಟಿ’ ಆಗಿದ್ದರೆ 190, ‘ಎಚ್’ ಆಗಿದ್ದರೆ 210 ಕಿ.ಮೀ. ವೇಗವನ್ನು ತಡೆದುಕೊಳ್ಳಬಲ್ಲದು.

ಈಗ ಕಾನೂನಿನ ಕಡೆ ನೋಡೋಣ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಕಾರುಗಳಿಗೆ ಪ್ರವೇಶ ನಿಯಂತ್ರಿತ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ 120, ವಿಭಜಕವುಳ್ಳ ನಾಲ್ಕು ಪಥದ ರಸ್ತೆಯಲ್ಲಿ 100, ಪುರಸಭೆಗಳ ವ್ಯಾಪ್ತಿಯಲ್ಲಿ ಮತ್ತು ಉಳಿದ ರಸ್ತೆಗಳಲ್ಲಿ 70 ಕಿ.ಮೀ. ಮಿತಿ ಇತ್ತು. ಈ ಮಿತಿಗಳು ಅತಿಯಾದವು ಎಂಬ ಕಾರಣಕ್ಕೆ ಮದ್ರಾಸ್ ಉಚ್ಚ ನ್ಯಾಯಾಲಯ 2021ರಲ್ಲಿ ಅಧಿಸೂಚನೆಯನ್ನು ರದ್ದುಗೊಳಿಸಿತು. ವಿವಾದ ಏನೇ ಇರಲಿ, ಆ ಉದಾರವಾದ ಅಧಿಸೂಚನೆ ಕೂಡ 120ನ್ನು ದಾಟಿರಲಿಲ್ಲ. ಹೀಗಿರುವಾಗ 160, 180 ಕಿ.ಮೀ. ವೇಗದಲ್ಲಿ ಓಡಬಲ್ಲ ಕಾರನ್ನು ತಯಾರಿಸುವುದೇಕೆ, ಮಾರಲು ಬಿಡುವುದೇಕೆ?

ಬಲ ಮತ್ತು ಸಾಮರ್ಥ್ಯದ ಪಾಠ ಮಾಡುವಾಗ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರಗಳು ನಾಲ್ಕು. ಅವುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಈ ಲೇಖನದ ಉದ್ದೇಶ. (ಪಠ್ಯಪುಸ್ತಕದಲ್ಲಿ ‘ಜವ’ ಎಂದು ಕರೆಯುವುದನ್ನು ಇಲ್ಲಿ ರೂಢಿಯಂತೆ ‘ವೇಗ’ ಎಂದೇ ಬರೆದಿದ್ದೇನೆ.)

ಒಂದು: ‘ಘಾಟಿ ಹತ್ತಬೇಡವೇ?’

ಇದು ಎಲ್ಲಕ್ಕಿಂತ ಬಲವಾದ ಉತ್ತರ. ಆದ್ದರಿಂದ ಇದನ್ನು ಲೆಕ್ಕ ಹಾಕಿಯೇ ನೋಡಬೇಕು.

ಐದು ಜನ ಕುಳಿತ ಒಂದು ಸಣ್ಣ ಕಾರಿನ ದ್ರವ್ಯರಾಶಿ 1350 ಕಿ.ಗ್ರಾಂ. ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಅದನ್ನು ಎರಡು ಬಲಗಳು ತಡೆಯುತ್ತವೆ. ಮೊದಲನೆಯದು ಟೈರುಗಳ ಉರುಳು ಘರ್ಷಣೆ. ಇದು ಸುಮಾರು 160 ನ್ಯೂಟನ್. ವೇಗದೊಂದಿಗೆ ಹೆಚ್ಚೇನೂ ಬದಲಾಗದು. ಎರಡನೆಯದು ಗಾಳಿಯ ರೋಧ. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸಣ್ಣ ಕಾರಿಗೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಇದು ಸುಮಾರು 200 ನ್ಯೂಟನ್ ಇದ್ದರೆ, 160ರಲ್ಲಿ ಸುಮಾರು 800 ನ್ಯೂಟನ್. ಬಲವನ್ನು ವೇಗದಿಂದ ಗುಣಿಸಿದರೆ ಚಕ್ರಗಳಿಗೆ ತಲುಪಬೇಕಾದ ಸಾಮರ್ಥ್ಯ ದೊರೆಯುತ್ತದೆ. 80 ಕಿ.ಮೀ. ವೇಗಕ್ಕೆ ಬೇಕಾದದ್ದು ಸುಮಾರು 8 ಕಿಲೋವಾಟ್. 160ಕ್ಕೆ ಸುಮಾರು 43 ಕಿಲೋವಾಟ್. ವೇಗ ಎರಡು ಪಟ್ಟಾದರೆ ಬೇಕಾಗುವ ಸಾಮರ್ಥ್ಯ ಐದು ಪಟ್ಟಿಗೂ ಹೆಚ್ಚು.

ಹಾಗಾದರೆ ಭದ್ರಾವತಿಗೆ ಹೋಗಿಬರಲು 8 ಕಿಲೋವಾಟ್ ಸಾಕಲ್ಲ ಎಂದು ನೀವು ಕೇಳಬಹುದು. ಸಮತಟ್ಟಾದ ರಸ್ತೆಗೆ ಸಾಕು. ಆದರೆ ಅದೇ ಕಾರು ಸೋಮೇಶ್ವರದಿಂದ ಆಗುಂಬೆಗೂ ಹತ್ತಬೇಕು. ಹತ್ತಕ್ಕೆ ಒಂದರಂತೆ ಏರುವ ರಸ್ತೆಯಲ್ಲಿ ಗುರುತ್ವವೊಂದೇ ಕಾರನ್ನು ಸುಮಾರು 1300 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಆಗುಂಬೆಯ ತಿರುವುಗಳಲ್ಲಿ 60 ಕಿ.ಮೀ. ವೇಗ ಸಾಧುವಲ್ಲ ನಿಜ. ಆದರೆ ತಿರುವಿಲ್ಲದ ಅಂಥದೇ ಏರಿನಲ್ಲಿ 60ರ ವೇಗವನ್ನು ಕಾಯ್ದುಕೊಳ್ಳಲು ಚಕ್ರಗಳಿಗೆ ಸುಮಾರು 26 ಕಿಲೋವಾಟ್ ಬೇಕು. ಈ 26 ಕಿಲೋವಾಟನ್ನೇ ಸಮತಟ್ಟಾದ ರಸ್ತೆಯಲ್ಲಿ ಪೂರ್ತಿ ಬಳಸಿದರೆ ಕಾರು ಮುಟ್ಟುವ ವೇಗ ಗಂಟೆಗೆ ಸುಮಾರು 130 ಕಿ.ಮೀ. ಎಂದರೆ ಘಾಟಿಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಎಂಜಿನ್ ರೂಪಿಸಿದರೂ ಅದು ಬಯಲಿನಲ್ಲಿ ಕಾನೂನನ್ನು ಮೀರಬಲ್ಲದು. ಇಷ್ಟರ ಮಟ್ಟಿಗೆ ತಯಾರಕರ ಮಾತು ನಿಜ.

ಎರಡು: ‘ಹಿಂದಿಕ್ಕಲು ಬೇಡವೇ?’

ಇದರಲ್ಲೂ ಹುರುಳಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಲಾರಿಯನ್ನು 80ರ ವೇಗದಲ್ಲಿ ಹಿಂದಿಕ್ಕುತ್ತೀರಿ ಎನ್ನೋಣ. ಲಾರಿಗೆ ಸಾಪೇಕ್ಷವಾಗಿ ಸುಮಾರು 50 ಮೀಟರ್ ಮುಂದೆ ಹೋಗಬೇಕು. ಅದಕ್ಕೆ 9 ಸೆಕೆಂಡ್ ಬೇಕು. ಅಷ್ಟರಲ್ಲಿ ನೀವು 200 ಮೀಟರ್ ಸಾಗಿರುತ್ತೀರಿ. ಎದುರಿನಿಂದ 80ರ ವೇಗದಲ್ಲಿ ಬರುವ ವಾಹನವೂ 200 ಮೀಟರ್ ಸಾಗಿರುತ್ತದೆ. ಎಂದರೆ 400 ಮೀಟರ್ ರಸ್ತೆ ಖಾಲಿ ಇರಬೇಕು. ನೀವು 100ರ ವೇಗದಲ್ಲಿ ಹಿಂದಿಕ್ಕಿದರೆ ನಾಲ್ಕೂವರೆ ಸೆಕೆಂಡ್, 225 ಮೀಟರ್ ಸಾಕು.

ಆ ವೇಗವನ್ನು ಬೇಗನೆ ಪಡೆಯಲೂ ಸಾಮರ್ಥ್ಯ ಬೇಕು. 50ರಿಂದ 80ಕ್ಕೆ 6 ಸೆಕೆಂಡಿನಲ್ಲಿ ಏರಬೇಕಾದರೆ ಚಲನಶಕ್ತಿ ಸುಮಾರು 200 ಕಿಲೋಜೂಲ್ ಹೆಚ್ಚಬೇಕು. ತಡೆಯುವ ಬಲಗಳನ್ನೂ ಸೇರಿಸಿದರೆ ಸರಾಸರಿ 39 ಕಿಲೋವಾಟ್. ಈ ಸಾಮರ್ಥ್ಯವುಳ್ಳ ಕಾರನ್ನು ಬಯಲಿನಲ್ಲಿ ಬಿಟ್ಟುಬಿಟ್ಟರೆ ಅದು 155 ಕಿ.ಮೀ. ವೇಗವನ್ನು ಮುಟ್ಟುತ್ತದೆ.

ಸಾಮರ್ಥ್ಯ ಬೇರೆ, ವೇಗ ಬೇರೆ

ಇಲ್ಲಿಯವರೆಗಿನ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಅದರಿಂದ ಎಳೆಯುವ ತೀರ್ಮಾನದಲ್ಲಿ. ಘಾಟಿ ಹತ್ತಲು, ಹಿಂದಿಕ್ಕಲು ಬೇಕಾದದ್ದು ಸಾಮರ್ಥ್ಯ. ಆ ಸಾಮರ್ಥ್ಯವನ್ನು ಬಯಲಿನಲ್ಲಿ 155ರ ವೇಗವಾಗಿ ಖರ್ಚುಮಾಡಲು ಬಿಡಬೇಕೋ ಬೇಡವೋ ಎಂಬುದು ಬೇರೆಯೇ ಪ್ರಶ್ನೆ. ಘಾಟಿಯ ಉದಾಹರಣೆಯಲ್ಲಿ ಕಾರಿನ ವೇಗ 60. ಹಿಂದಿಕ್ಕುವ ಉದಾಹರಣೆಯಲ್ಲಿ ಹೆಚ್ಚೆಂದರೆ 100. ಎರಡರಲ್ಲೂ 120 ದಾಟುವ ಅಗತ್ಯ ಎಲ್ಲಿಯೂ ಬರಲಿಲ್ಲ. ಮೊದಲನೆಯದು ಬೇಕೆಂದು ತೋರಿಸಿ ಎರಡನೆಯದನ್ನೂ ಪಡೆದುಕೊಳ್ಳುವುದು ತರ್ಕವಲ್ಲ.

ಸಾಮರ್ಥ್ಯವನ್ನು ಮುಟ್ಟದೆ ವೇಗವನ್ನು ಮಾತ್ರ ತಡೆಯುವ ಉಪಾಯ ಹೊಸದೇನೂ ಅಲ್ಲ. ಜೇಮ್ಸ್ ವಾಟ್ 1788ರಲ್ಲೇ ಉಗಿ ಎಂಜಿನ್ನಿಗೆ ತಿರುಗುವ ಗುಂಡುಗಳ ವೇಗ ನಿಯಂತ್ರಕವನ್ನು ಅಳವಡಿಸಿದ್ದ. ಎಂಜಿನ್ ವೇಗ ಹೆಚ್ಚಿದಂತೆ ಗುಂಡುಗಳು ಹೊರಕ್ಕೆ ಸರಿದು ಉಗಿಯ ಕವಾಟವನ್ನು ಮುಚ್ಚುತ್ತಿದ್ದವು. ಹೊರೆ ಹೆಚ್ಚಿದಾಗ ಕವಾಟ ಪೂರ್ತಿ ತೆರೆಯುತ್ತಿತ್ತು. ಇಂದಿನ ಕಾರಿನಲ್ಲಿ ಈ ಕೆಲಸಕ್ಕೆ ಗುಂಡುಗಳೂ ಬೇಕಿಲ್ಲ. ಎಂಜಿನ್ನಿಗೆ ಇಂಧನ ಬಿಡುವ ಗಣಕಕ್ಕೆ ಚಕ್ರದ ವೇಗ ಕ್ಷಣಕ್ಷಣಕ್ಕೂ ಗೊತ್ತಿರುತ್ತದೆ. 2019ರ ಜುಲೈನಿಂದ ನಮ್ಮ ದೇಶದ ಹೊಸ ಕಾರುಗಳು 80 ದಾಟಿದಾಗ ಆಗಾಗ, 120 ದಾಟಿದಾಗ ಎಡೆಬಿಡದೆ ಎಚ್ಚರಿಕೆಯ ಸದ್ದು ಮಾಡಬೇಕೆಂಬ ನಿಯಮವಿದೆ. ಕೂಗಲು ಬರುವ ಯಂತ್ರಕ್ಕೆ ತಡೆಯಲು ಬಾರದೇ?

ಬರುತ್ತದೆ ಎನ್ನುವುದಕ್ಕೆ ಸಾಕ್ಷಿ ನಮ್ಮ ರಸ್ತೆಯಲ್ಲೇ ಇದೆ. ಕೇಂದ್ರ ಮೋಟಾರು ವಾಹನ ನಿಯಮ 118ರ ಪ್ರಕಾರ 2015ರ ಅಕ್ಟೋಬರ್‌ನಿಂದ ತಯಾರಾಗುವ ಬಸ್ಸು, ಲಾರಿಗಳಿಗೆ 80 ಕಿ.ಮೀ.ಗೆ ಹೊಂದಿಸಿದ ವೇಗ ನಿಯಂತ್ರಕ ಇರಬೇಕು. ಶಾಲಾ ಬಸ್ಸು, ಟ್ಯಾಂಕರುಗಳಿಗೆ ಈ ಮಿತಿ 60. ಇವು ಘಟ್ಟ ಹತ್ತುವುದನ್ನು ಬಿಟ್ಟಿಲ್ಲ. 250 ವಾಟ್ ಮೀರದ, 25 ಕಿ.ಮೀ. ವೇಗ ದಾಟದ ವಿದ್ಯುತ್ ಸ್ಕೂಟರಿಗೆ ನೋಂದಣಿಯಿಂದ ವಿನಾಯಿತಿ ಸಿಗುತ್ತದೆ. ಅದಕ್ಕಾಗಿಯೇ ತಯಾರಕರು 25ಕ್ಕೆ ಮೀರದ ಸ್ಕೂಟರುಗಳನ್ನು ಮಾಡಿ ಮಾರುತ್ತಾರೆ. 2009ರಲ್ಲಿ ರಸ್ತೆಗಿಳಿದ ನ್ಯಾನೊ ಕಾರಿನ ಗರಿಷ್ಠ ವೇಗ 105 ಕಿ.ಮೀ. ಮಾತ್ರ. ಕಾನೂನು ಕೇಳಿದಾಗ ಅಥವಾ ತಯಾರಕರಿಗೇ ಬೇಕೆನಿಸಿದಾಗ ಮಿತಿ ಬರುತ್ತದೆ. ಖಾಸಗಿ ಕಾರಿನ ವಿಷಯದಲ್ಲಿ ಕಾನೂನು ಕೇಳಿಲ್ಲ, ಅಷ್ಟೆ.

ಮೂರು: ‘ಕಾರುಗಳು ಇಡೀ ಜಗತ್ತಿಗಾಗಿ ತಯಾರಾಗುತ್ತವೆ’

ಜರ್ಮನಿಯ ಆಟೋಬಾನ್ ಹೆದ್ದಾರಿಗಳ ಹಲವು ಭಾಗಗಳಲ್ಲಿ ಕಡ್ಡಾಯ ಮಿತಿ ಇಲ್ಲ. 130 ಎಂಬ ಸಲಹೆ ಮಾತ್ರ ಇದೆ. ಅಲ್ಲಿ ಓಡುವ ಕಾರನ್ನೇ ಇಲ್ಲಿಯೂ ಮಾರುವುದರಿಂದ ವೇಗ ಹೆಚ್ಚು ಎಂಬುದು ಈ ವಾದ. ಆದರೆ ಅದೇ ಜರ್ಮನಿಯ ಹಲವು ಕಂಪನಿಗಳು 1980ರ ದಶಕದ ಕೊನೆಯಲ್ಲಿ ತಮ್ಮ ಕಾರುಗಳನ್ನು 250ಕ್ಕೆ ತಡೆಯಲು ತಾವಾಗಿಯೇ ಒಪ್ಪಿಕೊಂಡವು. ಜಪಾನಿನ ತಯಾರಕರು ತಮ್ಮ ದೇಶದ ಕಾರುಗಳಿಗೆ 180ರ ಮಿತಿ ಹಾಕಿಕೊಂಡರು. ವೋಲ್ವೊ ಕಂಪನಿ 2020ರಿಂದ ತನ್ನ ಎಲ್ಲ ಹೊಸ ಕಾರುಗಳನ್ನು 180ಕ್ಕೆ ಸೀಮಿತಗೊಳಿಸಿತು. ದೇಶದಿಂದ ದೇಶಕ್ಕೆ ಚಾಲಕನ ಆಸನವನ್ನೇ ಎಡದಿಂದ ಬಲಕ್ಕೆ ಬದಲಿಸಿ ಕೊಡುವವರಿಗೆ ಗಣಕದಲ್ಲಿರುವ ಒಂದು ಅಂಕಿಯನ್ನು ಬದಲಿಸುವುದು ಕಷ್ಟವಲ್ಲ.

250 ಎಂದರೆ ಎಷ್ಟು? 253 ಮೀಟರ್ ಎತ್ತರದ ಜೋಗದ ತಲೆಯಿಂದ ಕಲ್ಲೊಂದನ್ನು ಬಿಟ್ಟರೆ, ಗಾಳಿಯ ರೋಧವನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ಅದು ತಳ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 253 ಕಿ.ಮೀ. ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು.

ನಾಲ್ಕು: ‘ಹೊಣೆ ಚಾಲಕನದು’

ಚಾಕು ಮಾಡಿದವನ ತಪ್ಪಲ್ಲ, ಇರಿದವನ ತಪ್ಪು ಎಂಬಂಥ ವಾದವಿದು. ಕಾನೂನು ಕೂಡ ಹೀಗೆಯೇ ಇದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಮಿತಿ ಮೀರಿದ ಕಾರಿಗೆ 1000ದಿಂದ 2000 ರೂಪಾಯಿ ದಂಡ. ಕಾರಿನ ಗರಿಷ್ಠ ವೇಗಕ್ಕೆ ಮಾನದಂಡವೇ ಇಲ್ಲದಿರುವುದರಿಂದ ತಯಾರಕರನ್ನು ಕೇಳುವ ಪ್ರಶ್ನೆಯೇ ಬರುವುದಿಲ್ಲ.

ಚಾಲಕನ ಹೊಣೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ತಪ್ಪು ಮಾಡುವುದು ಮನುಷ್ಯ ಸಹಜ, ಅದರ ಬೆಲೆಯನ್ನು ನಿರ್ಧರಿಸುವುದು ಭೌತನಿಯಮ. ಒಣರಸ್ತೆಯಲ್ಲಿ ಚಾಲಕ ಅಪಾಯವನ್ನು ಕಂಡು ಬ್ರೇಕ್ ಒತ್ತಲು 1 ಸೆಕೆಂಡ್ ಬೇಕು, ಆಮೇಲೆ ವೇಗ ಪ್ರತಿ ಸೆಕೆಂಡಿಗೆ 7 ಮೀಟರ್/ಸೆಕೆಂಡಿನಂತೆ ಇಳಿಯುತ್ತದೆ ಎಂದಿಟ್ಟುಕೊಳ್ಳೋಣ. 80ರ ವೇಗದ ಕಾರು ಸುಮಾರು 57 ಮೀಟರಿನಲ್ಲಿ ನಿಲ್ಲುತ್ತದೆ. 100ರ ವೇಗದ ಕಾರು ಅದೇ 57 ಮೀಟರ್ ದಾಟುವಾಗ ಇನ್ನೂ 68 ಕಿ.ಮೀ. ವೇಗದಲ್ಲಿರುತ್ತದೆ! ನಿದಿಗೆಯ ಬಳಿ ರಸ್ತೆ ದಾಟುವ ಮಗುವಿನ ಮುಂದೆ ಒಂದು ಕಾರು ನಿಂತರೆ, ಇನ್ನೊಂದು ಕೊಲ್ಲುವ ವೇಗದಲ್ಲಿ ಬಂದು ಬಡಿಯುತ್ತದೆ.

ಇನ್ನೊಂದು ವಿಪರ್ಯಾಸವನ್ನು ಗಮನಿಸಿ. 2023ರಲ್ಲಿ ಆರಂಭವಾದ ‘ಭಾರತ್ ಎನ್‌ಕ್ಯಾಪ್’ ಪರೀಕ್ಷೆಯಲ್ಲಿ ಕಾರನ್ನು ಮುಂಭಾಗದಿಂದ ತಡೆಗೋಡೆಗೆ ಬಡಿಸುವುದು 64 ಕಿ.ಮೀ. ವೇಗದಲ್ಲಿ. ಜಾಹೀರಾತಿನಲ್ಲಿ ಕಾಣುವ ನಕ್ಷತ್ರಗಳ ಹಿಂದಿರುವುದು ಈ ವೇಗ. 160ರಲ್ಲಿ ಅದೇ ಕಾರಿನ ಚಲನಶಕ್ತಿ ಆರು ಪಟ್ಟಿಗೂ ಹೆಚ್ಚು. ಮೈಲೇಜಿನ ಅಂಕಿ ಕೊಡಲು ಬಹುಕಾಲದಿಂದ ಬಳಸಿದ ಭಾರತೀಯ ಚಾಲನಾ ಚಕ್ರದ ಗರಿಷ್ಠ ವೇಗ 90. ಸುರಕ್ಷತೆಯನ್ನು 64ರಲ್ಲಿ, ಮಿತವ್ಯಯವನ್ನು 90ರೊಳಗೆ ಅಳೆದ ಕಾರನ್ನು ಮಾರುವಾಗ 180ರ ಮಾಪಕ ತೋರಿಸಲಾಗುತ್ತದೆ.

ಮಿತಿ ಹಾಕಿದರೆ ಸಾಕೇ?

ಸಾಲದು. ಇದನ್ನು ಒಪ್ಪಿಕೊಳ್ಳದಿದ್ದರೆ ಈ ವಿಮರ್ಶೆಯೂ ಏಕಪಕ್ಷೀಯವಾಗುತ್ತದೆ. 120ಕ್ಕೆ ತಡೆದ ಕಾರು ಶಾಲೆಯ ಮುಂದೆ 80ರಲ್ಲಿ ಹೋಗುವುದನ್ನು ನಿಲ್ಲಿಸಲಾರದು. ನಮ್ಮ ಅಪಘಾತಗಳ ಅಂಕಿ ಅಂಶವನ್ನೂ ಎಚ್ಚರಿಕೆಯಿಂದ ಓದಬೇಕು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು, ಅದರಲ್ಲಿ ಶೇ. 71ರಷ್ಟು ಸಾವುಗಳಿಗೆ ಅತಿವೇಗ ಕಾರಣ. ಇಲ್ಲಿ ‘ಅತಿವೇಗ’ ಎಂಬುದು ಪೊಲೀಸ್ ದಾಖಲೆಯ ಒಂದು ವರ್ಗವೇ ಹೊರತು ಬಹುಪಾಲು ಸಂದರ್ಭಗಳಲ್ಲಿ ಉಪಕರಣದಿಂದ ಅಳೆದ ವೇಗವಲ್ಲ. ಇವರಲ್ಲಿ ಎಷ್ಟು ಮಂದಿ 120 ದಾಟಿದ ಕಾರುಗಳಿಂದ ಸತ್ತರು ಎಂಬುದನ್ನು ಈ ಅಂಕಿಯಿಂದ ತಿಳಿಯಲಾಗದು.

ಸ್ಥಳಕ್ಕೆ ತಕ್ಕ ಮಿತಿಯನ್ನು ಕಾರೇ ಅರಿತು ಚಾಲಕನನ್ನು ಎಚ್ಚರಿಸುವ ವ್ಯವಸ್ಥೆಯನ್ನು ಐರೋಪ್ಯ ಒಕ್ಕೂಟ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಮಾಡಿದೆ. ಅಲ್ಲಿಯೂ ಚಾಲಕ ಬಯಸಿದರೆ ಅದನ್ನು ಮೀರಬಹುದು. ಅದು ನಮ್ಮಲ್ಲಿ ಕೆಲಸ ಮಾಡಬೇಕಾದರೆ ಊರು ಶುರುವಾಗುವಲ್ಲಿ, ಮುಗಿಯುವಲ್ಲಿ ಓದಲು ಬರುವ ಫಲಕಗಳಿರಬೇಕು. ಆ ಕೆಲಸ ತಯಾರಕರದ್ದಲ್ಲ, ನಮ್ಮದು.

ಆದರೆ ಒಂದು ಉಪಾಯದಿಂದ ಎಲ್ಲವೂ ಸರಿಹೋಗದು ಎಂಬುದು ಆ ಉಪಾಯವನ್ನೇ ಕೈಬಿಡಲು ಕಾರಣವಾಗದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ 1923ರಲ್ಲೇ ಅಮೆರಿಕದ ಸಿನ್ಸಿನಾಟಿ ನಗರದ ಜನ, ಕಾರುಗಳಿಗೆ ಗಂಟೆಗೆ 25 ಮೈಲಿಯ ನಿಯಂತ್ರಕ ಹಾಕಬೇಕೆಂದು ಸಹಿ ಸಂಗ್ರಹಿಸಿ ಮತದಾನಕ್ಕೆ ಇಟ್ಟಿದ್ದರು. ವಾಹನ ಮಾರಾಟಗಾರರು ಜೋರಾಗಿ ಪ್ರಚಾರ ಮಾಡಿದರು, ಪ್ರಸ್ತಾಪ ಸೋತಿತು. ಅಂದು ತಂತ್ರಜ್ಞಾನದ ಕೊರತೆಯಿತ್ತು ಎಂದಾದರೂ ಹೇಳಬಹುದಾಗಿತ್ತು. ಇಂದು ಆ ನೆಪವೂ ಇಲ್ಲ.

ಅಧ್ಯಾಪಕ ಮಿತ್ರರೇ, ತರಗತಿಯಲ್ಲಿ ಒಂದು ಲೆಕ್ಕ ಕೊಡಿ. 20 ಕಿ.ಮೀ. ದೂರದ ಭದ್ರಾವತಿಗೆ 60ರ ವೇಗದಲ್ಲಿ 20 ನಿಮಿಷ, 80ರಲ್ಲಿ 15, 100ರಲ್ಲಿ 12, 120ರಲ್ಲಿ 10. ಪ್ರತಿ ಸಲ ವೇಗ 20 ಹೆಚ್ಚಿದಾಗ ಉಳಿಯುವ ಸಮಯ 5, 3, 2 ನಿಮಿಷ. ಅದೇ ಹೊತ್ತಿಗೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಎರಡನ್ನೂ ಒಂದೇ ನಕ್ಷೆಯಲ್ಲಿ ಎಳೆಯಲು ಹೇಳಿ. ಆಮೇಲೆ, ಹೊಸ ಮಾದರಿಯ ಕಾರಿಗೆ ಅನುಮೋದನೆ ಕೊಡುವಾಗ ಬ್ರೇಕು, ಹೊಗೆ, ದೀಪಗಳ ಜೊತೆಗೆ ಗರಿಷ್ಠ ವೇಗಕ್ಕೂ ಒಂದು ಮಾನದಂಡ ಏಕಿರಬಾರದು ಎಂದು ಕೇಳಿ. ಘಾಟಿಯ ಹೆಸರು ಹೇಳಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಅವರು ಯಾರಿಗೂ ಬಿಡಲಾರರು.