ತುಳಿದವನ ಕೊರಳಿನ ತಾಯಿತ

ಮಾರ್ಟಿನ್ ಸ್ಕೋರ್ಸೆಸಿಯವರ ‘ಸೈಲೆನ್ಸ್’ ಚಿತ್ರದ ಕೊನೆಯ ದೃಶ್ಯ ಸರಿಯೋ ತಪ್ಪೋ ಎಂಬುದನ್ನು ಈ ವಾರ ಇತ್ಯರ್ಥ ಮಾಡಿಬಿಡೋಣ. ಚಿತ್ರಕ್ಕೆ ಮೂಲವಾದ, ಶೂಸಾಕು ಎಂಡೋ 1966ರಲ್ಲಿ ಪ್ರಕಟಿಸಿದ ಕಾದಂಬರಿ ಈ ಅಂಕಣದ ಓದುಗರಿಗೆ ಹೊಸದಲ್ಲ. ಹದಿನೇಳನೇ ಶತಮಾನದ ಜಪಾನಿನಲ್ಲಿ ಕ್ರೈಸ್ತರ ಬೇಟೆ, ಕದ್ದು ಬಂದಿಳಿದ ಯೇಸುಸಭೆಯ ಪಾದ್ರಿ ರೊಡ್ರಿಗಸ್, ಗುಂಡಿಯಲ್ಲಿ ತಲೆಕೆಳಗಾಗಿ ತೂಗಿಸಿದ ರೈತರ ನರಳಾಟ, ಅವರನ್ನು ಬಿಡಿಸಲು ಕ್ರಿಸ್ತನ ಮುಖವಿದ್ದ ಫಲಕದ ಮೇಲೆ ಅವನು ಕಾಲಿಡುವುದು, ಇವನ್ನೆಲ್ಲ ಮತ್ತೆ ಹೇಳಬೇಕಿಲ್ಲ. ತಕರಾರಿರುವುದು ಅದರಾಚೆಗೆ. 2016ರ ಚಿತ್ರದಲ್ಲಿ, ಎಷ್ಟೋ ವರ್ಷಗಳ ನಂತರ ಸತ್ತ ರೊಡ್ರಿಗಸ್‌ನನ್ನು ಬೌದ್ಧ ವಿಧಿಯಂತೆ ದಹನ ಮಾಡುತ್ತಾರೆ. ಕ್ಯಾಮೆರಾ ಉರಿಯೊಳಕ್ಕೇ ಹೋಗಿ ಅವನ ಅಂಗೈಯಲ್ಲಿರುವ ಪುಟ್ಟ ಶಿಲುಬೆಯನ್ನು ತೋರಿಸುತ್ತದೆ. ಹಿಂದೊಮ್ಮೆ ಮೋಕಿಚಿ ಎಂಬ ಹಳ್ಳಿಗ ಕೊಟ್ಟಿದ್ದ ಒರಟು ಕೆತ್ತನೆಯ ಶಿಲುಬೆ ಅದು. ನೋಡಿದವರು ನಿಟ್ಟುಸಿರು ಬಿಡುತ್ತಾರೆ: ಸದ್ಯ, ಪಾದ್ರಿ ಕೈಬಿಟ್ಟಿರಲಿಲ್ಲ. ಕಾದಂಬರಿಯಲ್ಲಿ ಈ ಶಿಲುಬೆ ಇಲ್ಲ.

ನಂಬಿಕೆಯನ್ನು ತೆರೆಯ ಮೇಲೆ ಸಾಬೀತು ಮಾಡಲು ಹೊರಟ ಕಲೆ ನಂಬಿಕೆಯನ್ನೇ ಕುಗ್ಗಿಸುತ್ತದೆ ಎಂಬುದು ಈ ಅಂಕಣದ ಹಳೆಯ ಹಟ. ಕೊನೆಯ ಹತ್ತು ನಿಮಿಷದೊಳಗೆ ಎಲ್ಲ ಸಂಶಯಗಳೂ ಕರಗಲೇಬೇಕೆನ್ನುವ ಭಕ್ತಿಚಿತ್ರಗಳ ಪಂಥದೊಡನೆ ಇಲ್ಲಿ ಹಲವು ಬಾರಿ ಜಗಳವಾಗಿದೆ. ಸ್ಕೋರ್ಸೆಸಿ ಆ ಪಂಥದವರಲ್ಲ. ಚಿತ್ರದ ಆರಂಭದಲ್ಲಿ ಕಪ್ಪು ತೆರೆಯ ಮೇಲೆ ಬರೀ ಹುಳುಗಳ ಸದ್ದನ್ನು ಕೇಳಿಸಿ, ಸಂಗೀತವನ್ನು ಬಹುಪಾಲು ದೂರವಿಟ್ಟವರು ಅವರು. ಹಾಗಿದ್ದೂ ಕೊನೆಯ ಕ್ಷಣದಲ್ಲಿ ಅವರು ಮೌನವನ್ನು ಬಿಟ್ಟುಕೊಟ್ಟರು. ಅವರಿಗಿಂತ 45 ವರ್ಷ ಮೊದಲು, 1971ರಲ್ಲಿ, ಮಾಸಾಹಿರೋ ಶಿನೋಡಾ ಇದೇ ಕತೆಯನ್ನು ಚಿತ್ರವಾಗಿಸಿ, ಧರ್ಮ ಬಿಟ್ಟ ಪಾದ್ರಿಯನ್ನು ಅಧಿಕಾರಿಗಳೇ ಗಂಟುಹಾಕಿದ ಹೆಂಗಸಿನ ತೋಳಿನಲ್ಲಿ ಬಿಟ್ಟು ಮುಗಿಸಿದ್ದರು. ಒಬ್ಬರ ಪ್ರಕಾರ ಅವನು ಪೂರ್ತಿ ಬಿದ್ದ, ಇನ್ನೊಬ್ಬರ ಪ್ರಕಾರ ಪೂರ್ತಿ ಉಳಿದ. ಎರಡೂ ತೀರ್ಪುಗಳೇ. ಸಿನಿಮಾ ಕಣ್ಣಿನ ಕಲೆ, ಒಳಗಿನದನ್ನು ಹೊರಗೆ ತೋರಿಸದೆ ವಿಧಿಯಿಲ್ಲ ಎಂದು ಕೆಲವರು ವಾದಿಸಬಹುದು. ಆದರೆ ಮುಚ್ಚಿದ ಮುಷ್ಟಿಯೂ ಕಣ್ಣಿಗೆ ಕಾಣುವ ವಸ್ತುವೇ. ಅದನ್ನು ಬಿಡಿಸಿ ನೋಡುವ ಹಕ್ಕು ಯಾರದು ಎಂಬುದಷ್ಟೇ ಪ್ರಶ್ನೆ.

ಎಂಡೋ ಆ ಹಕ್ಕನ್ನು ತಮ್ಮದೆಂದುಕೊಳ್ಳಲಿಲ್ಲ. ಅವರ ಕಾದಂಬರಿ ಮುಗಿಯುವುದು ಕ್ರೈಸ್ತ ಸೆರೆಮನೆಯ ಅಧಿಕಾರಿಯೊಬ್ಬನ ದಿನಚರಿಯೊಂದಿಗೆ. ಹಳೆಯ ಶಾನುಭೋಗರ ಕಡತದ ಹಾಗೆ ಒಣ ಒಣ ಬರವಣಿಗೆ: ಯಾರು ಬಂದರು, ಯಾರನ್ನು ತಪಾಸಣೆ ಮಾಡಲಾಯಿತು, ಯಾರಿಗೆ ಕಾಯಿಲೆಯಾಯಿತು. ಅದರಲ್ಲಿ ರೊಡ್ರಿಗಸ್ ಎಂಬ ಹೆಸರೂ ಇಲ್ಲ. ಅವನೀಗ ಒಕಾಡಾ ಸಾನ್‌ಎಮೋನ್, ಸತ್ತ ಜಪಾನೀಯನೊಬ್ಬನ ಹೆಸರನ್ನು ಹೊತ್ತವನು. ಬೇಸರದಿಂದ ಪುಟ ಮಗುಚುವ ಓದುಗ ಈ ಕಡತದ ನಡುವೆ ಅಡಗಿರುವ ಒಂದು ಸಂಗತಿಯನ್ನು ಕಳೆದುಕೊಳ್ಳುತ್ತಾನೆ. ಫಲಕ ತುಳಿದು ಮೂವತ್ತು ವರ್ಷ ದಾಟಿದ ಮೇಲೂ ಒಕಾಡಾ, ಮೇಲಿನವರ ಅಪ್ಪಣೆಯಂತೆ, ತಾನು ಧರ್ಮ ಬಿಟ್ಟಿದ್ದೇನೆಂದು ಮುಚ್ಚಳಿಕೆ ಬರೆಯುವುದರಲ್ಲಿ ತೊಡಗಿದ್ದಾನೆ. ನಿಜವಾಗಿ ಬಿಟ್ಟವನಿಂದ ಮತ್ತೆ ಏಕೆ ಬರೆಸಿಕೊಳ್ಳಬೇಕು? ಎಂಡೋ ಉತ್ತರ ಹೇಳುವುದಿಲ್ಲ. ಬರೆಸಿಕೊಂಡವರ ಅಪನಂಬಿಕೆಯೇ ಅವನ ನಂಬಿಕೆಗೆ ಸಾಕ್ಷಿ ಹೇಳುತ್ತದೆ. ಅಂಗೈಯ ಶಿಲುಬೆಗಿಂತ ಇದು ಬಲವಾದ ಸಾಕ್ಷಿ, ಏಕೆಂದರೆ ಅದನ್ನು ನುಡಿದವರು ಶತ್ರುಗಳು, ಅದೂ ತಮಗೆ ತಿಳಿಯದೆಯೇ.

ಇಲ್ಲಿಗೆ ವಾದ ನಿಲ್ಲಿಸಬಹುದಿತ್ತು. ಆದರೆ ಅದೇ ಕಡತದಲ್ಲಿ ಇದಕ್ಕಿಂತ ದೊಡ್ಡದೊಂದಿದೆ. ಕಾವಲಿನವರು ಆಳುಗಳನ್ನು ತಪಾಸಣೆ ಮಾಡುವಾಗ ಅವರಲ್ಲೊಬ್ಬನಾದ ಕಿಚಿಜಿರೋನ ಕೊರಳಿನ ತಾಯಿತದ ಚೀಲದಲ್ಲಿ ಒಂದು ಪವಿತ್ರ ಚಿತ್ರ ಸಿಗುತ್ತದೆ. ಒಂದು ಬದಿಯಲ್ಲಿ ಸಂತ ಪೇತ್ರ ಮತ್ತು ಪೌಲ, ಇನ್ನೊಂದು ಬದಿಯಲ್ಲಿ ಒಬ್ಬ ದೇವದೂತ ಮತ್ತು ಫ್ರಾನ್ಸಿಸ್ ಕ್ಸೇವಿಯರ್. ನಮ್ಮ ನೆರೆಯ ಗೋವೆಯಲ್ಲಿ ದೇಹವಿರುವ ಅದೇ ಕ್ಸೇವಿಯರ್. ಈ ಕಿಚಿಜಿರೋ ಎಂಥವನು? ಒಡಹುಟ್ಟಿದವರೆಲ್ಲ ಬೆಂಕಿಗೆ ಕೊಡಲ್ಪಟ್ಟಾಗ ತಾನೊಬ್ಬನೇ ಫಲಕ ತುಳಿದು ಬದುಕಿದವನು. ಬೆಳ್ಳಿ ನಾಣ್ಯಕ್ಕೆ ಪಾದ್ರಿಯನ್ನು ಹಿಡಿದುಕೊಟ್ಟವನು. ಹಿಡಿದುಕೊಟ್ಟ ಮೇಲೂ ನಾಚಿಕೆಯಿಲ್ಲದೆ ಅದೇ ಪಾದ್ರಿಯ ಬಳಿಗೆ ಪಾಪನಿವೇದನೆಗೆ ಬಂದವನು. ನೆಮ್ಮದಿಯ ಕಾಲದಲ್ಲಿ ಹುಟ್ಟಿದ್ದರೆ ತಾನೂ ಒಳ್ಳೆಯ ಕ್ರೈಸ್ತನಾಗಿರುತ್ತಿದ್ದೆ ಎಂದು ಗೋಳಾಡುವವನು. ಆ ತಾಯಿತವನ್ನು ಒಕಾಡಾ ಕೊಟ್ಟನೇ ಎಂದು ವಿಚಾರಣೆಯಲ್ಲಿ ಕೇಳಿದಾಗ, ಇಲ್ಲ, ಕೊಡಲು ಅವನಿಗೆ ಅವಕಾಶವೇ ಇರಲಿಲ್ಲ ಎನ್ನುತ್ತಾನೆ. ಒಮ್ಮೆ ಮಾರಿದವನನ್ನು ಈ ಸಲ ಮಾರಲಿಲ್ಲ. ಇದನ್ನು ಹೇಳಲು ಎಂಡೋ ಒಂದು ಹನಿ ಕಣ್ಣೀರನ್ನೂ ಬಳಸಿಲ್ಲ. ಸ್ಕೋರ್ಸೆಸಿಯವರ ಚಿತ್ರದಲ್ಲೂ ಕಿಚಿಜಿರೋ ತಾಯಿತದೊಂದಿಗೆ ಸಿಕ್ಕಿಬೀಳುತ್ತಾನೆ. ಆದರೆ ಕೊನೆಯ ನೋಟ ಪಾದ್ರಿಯ ಅಂಗೈ ಮೇಲೆ ನಿಂತಾಗ ಕತೆಯ ಭಾರವೆಲ್ಲ ಗುರುಗಳ ಕಡೆಗೆ ವಾಲುತ್ತದೆ, ಹೇಡಿಯ ಕೊರಳು ಮರೆತುಹೋಗುತ್ತದೆ.

ಹೇಡಿಗಳನ್ನು ಹೀಗೆ ಎತ್ತಿ ಹಿಡಿದರೆ ರಕ್ತಸಾಕ್ಷಿಗಳಿಗೆ ಅವಮಾನವಲ್ಲವೇ? ಕಾದಂಬರಿ ಬಂದಾಗ ನಾಗಾಸಾಕಿಯ ಕಡೆಯ ಕಥೋಲಿಕರಲ್ಲೇ ಅನೇಕರು ಈ ಪ್ರಶ್ನೆ ಎತ್ತಿ ಬೇಸರಪಟ್ಟರು. ಪ್ರಶ್ನೆ ಹಗುರವಾದದ್ದಲ್ಲ. ಆದರೆ ಎಂಡೋ ರಕ್ತಸಾಕ್ಷಿಗಳನ್ನು ಕುಗ್ಗಿಸಿಲ್ಲ. ಸಮುದ್ರದ ಅಂಚಿನ ಕಂಬಗಳಿಗೆ ಕಟ್ಟಿಸಿಕೊಂಡು, ಉಬ್ಬರದ ನೀರು ಏರಿ ಏರಿ ಇಳಿಯುವಾಗ ಹಾಡುತ್ತಲೇ ಸಾಯುವ ಮೋಕಿಚಿಗಿಂತ ಎತ್ತರದ ಮನುಷ್ಯ ಆ ಪುಸ್ತಕದಲ್ಲಿ ಇನ್ನೊಬ್ಬನಿಲ್ಲ. ತುಳಿದದ್ದು ಸರಿ ಎಂದೂ ಪುಸ್ತಕ ಸಾರುವುದಿಲ್ಲ. ಅದು ಕೇಳುವುದು ಬೇರೆ: ತುಳಿದವರು ದೇವರ ಲೆಕ್ಕದಿಂದ ಹೊರಗೋ? ಇದಕ್ಕೆ ಉತ್ತರ ಕೊಟ್ಟದ್ದು ಚರಿತ್ರೆ. ನಾಗಾಸಾಕಿಯಲ್ಲಿ ಪ್ರತಿವರ್ಷ ಹೊಸ ವರ್ಷದ ಹೊತ್ತಿಗೆ ಜನರನ್ನು ಸಾಲಾಗಿ ನಿಲ್ಲಿಸಿ ಫುಮಿಎ ಎಂಬ ಇಂಥ ಫಲಕವನ್ನು ತುಳಿಸುತ್ತಿದ್ದರು. ಎಷ್ಟು ಕಾಲುಗಳು ಹಾಯ್ದವೆಂದರೆ, ಇಂದಿಗೂ ಉಳಿದಿರುವ ಕೆಲವು ಫಲಕಗಳಲ್ಲಿ ಮುಖವೇ ಸವೆದು ನುಣ್ಣಗಾಗಿದೆ. ತುಳಿದು ಮನೆಗೆ ಬಂದ ಗುಪ್ತ ಕ್ರೈಸ್ತರು ಬಾಗಿಲು ಹಾಕಿಕೊಂಡು ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಿದ್ದರು, ಮಕ್ಕಳಿಗೂ ಕಲಿಸುತ್ತಿದ್ದರು. 1614ರ ನಿಷೇಧದ ನಂತರ ಸುಮಾರು ಎರಡೂವರೆ ಶತಮಾನ ಕಳೆದು, 1865ರ ಮಾರ್ಚ್ 17ರಂದು, ಉರಕಾಮಿ ಹಳ್ಳಿಯ ಕೆಲವರು ನಾಗಾಸಾಕಿಯ ಓಉರಾ ಚರ್ಚಿಗೆ ಬಂದು, ಫ್ರೆಂಚ್ ಪಾದ್ರಿ ಪೆತಿಜಾನ್ ಅವರಿಗೆ ತಮ್ಮ ಮನಸ್ಸೂ ಅವರ ಮನಸ್ಸೂ ಒಂದೇ ಎಂದು ತಿಳಿಸಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ವಿಚಾರಿಸಿದರು. ಅವರು ತುಳಿದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ರಕ್ತಸಾಕ್ಷಿಗಳು ನಂಬಿಕೆಗೆ ಘನತೆ ಕೊಟ್ಟರು. ಅದನ್ನು ಕೈಯಿಂದ ಕೈಗೆ ದಾಟಿಸಿದವರಲ್ಲಿ ಹೆಚ್ಚಿನವರು ಕಿಚಿಜಿರೋಗಳು. ಮೂರು ಸಲ ಅರಿಯೆನೆಂದ ಪೇತ್ರನ ಕೈಗೇ ಮಂದೆಯನ್ನು ಒಪ್ಪಿಸಿದ ಶುಭಸಂದೇಶವನ್ನು ಓದುವವರಿಗೆ ಇದು ವಿಚಿತ್ರವೆನಿಸಬಾರದು.

ಆದ್ದರಿಂದ ತೀರ್ಪು ಇದು. ಸ್ಕೋರ್ಸೆಸಿಯವರ ಚಿತ್ರ ದೊಡ್ಡದು, ಅದರ ಕೊನೆಯ ದೃಶ್ಯ ತಪ್ಪು. ಪಾದ್ರಿಯ ಕೈಯಲ್ಲಿ ಶಿಲುಬೆ ಇತ್ತೋ ಇಲ್ಲವೋ ದೇವರಿಗೆ ಗೊತ್ತು, ನಮಗೆ ಗೊತ್ತಾಗಬೇಕಾದ ಅಗತ್ಯವಿಲ್ಲ. ಎಂಡೋ ಅವರ ಕಾದಂಬರಿಯನ್ನು ಕೈಗೆತ್ತಿಕೊಂಡವರಲ್ಲಿ ಒಂದೇ ಕೋರಿಕೆ: ಕತೆ ಮುಗಿಯಿತೆಂದು ಪುಸ್ತಕ ಮುಚ್ಚಬೇಡಿ. ಆ ಒಣ ಕಡತದ ಪುಟಗಳನ್ನು ಒಂದೂ ಬಿಡದೆ, ನಿಧಾನವಾಗಿ ಓದಿ.