ಎರಡನೇ ಸಂಕೇತ, ಮೂವತ್ತು ರೋಗಿಗಳು

ಬೆಂಗಳೂರಿನ ಬಯೋಕಾನ್ ಕಂಪನಿಯ ಇಟೋಲಿಜುಮ್ಯಾಬ್ ಚುಚ್ಚುಮದ್ದನ್ನು ಕೋವಿಡ್ ರೋಗಿಗಳಿಗೆ ತುರ್ತಾಗಿ ಬಳಸಲು 2020ರ ಜುಲೈನಲ್ಲಿ ಭಾರತದ ಔಷಧ ಮಹಾನಿಯಂತ್ರಕರು ಒಪ್ಪಿಗೆ ಕೊಟ್ಟರು. ಕ್ಯೂಬಾದ ವಿಜ್ಞಾನಿಗಳ ಜೊತೆಗೂಡಿ ರೂಪಿಸಿದ ಈ ಔಷಧ 2013ರಿಂದಲೇ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಅಲ್ಜುಮ್ಯಾಬ್ ಹೆಸರಿನಲ್ಲಿ ಸಿಗುತ್ತಿತ್ತು. ಅದರ ಹಿಂದಿನ ವಿಚಾರ ಸೊಗಸಾದದ್ದು. ಕೋವಿಡ್‌ಗೆ ಒದಗಿಸಿದ ಪುರಾವೆ ಮಾತ್ರ ತೀರ ತೆಳು.

ಆ ವಿಚಾರ ಹೀಗಿದೆ. ವೈರಾಣುವಿನ ತುಣುಕನ್ನು ಗುರುತಿಸಿದ ಮಾತ್ರಕ್ಕೆ ನಮ್ಮ ರೋಗನಿರೋಧಕ ವ್ಯವಸ್ಥೆಯ ಟಿ ಕೋಶ ಕೆರಳುವುದಿಲ್ಲ. ಆ ತುಣುಕನ್ನು ಎತ್ತಿ ತೋರಿಸುವ ಕೋಶದ ಮೇಲೆ ಬಿ7 ಎಂಬ ಪ್ರೋಟೀನೂ ಇರಬೇಕು, ಅದು ಟಿ ಕೋಶದ ಮೇಲಿನ ಸಿಡಿ28 ಎಂಬ ಪ್ರೋಟೀನಿಗೆ ಕೂಡಬೇಕು. ಬ್ಯಾಂಕಿನ ಲಾಕರಿಗೆ ಎರಡು ಕೀಲಿ ಬೇಕಾದ ಹಾಗೆ. ಈ ಎರಡನೇ ಸಂಕೇತ ಸಿಗದ ಟಿ ಕೋಶ ಮಂಕಾಗಿಬಿಡುತ್ತದೆ. ನಮ್ಮದೇ ಅಂಗಾಂಶಗಳ ಮೇಲೆ ಅದು ಎರಗದಿರಲು ಇದೂ ಒಂದು ಕಾರಣ. ಈ ಸಂಕೇತದ ಬಲ ಎಷ್ಟೆಂಬುದು 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಗೊತ್ತಾಯಿತು. ಸಿಡಿ28ನ್ನು ನೇರವಾಗಿ ಕೆರಳಿಸುವ ಟಿಜಿಎನ್1412 ಎಂಬ ಔಷಧ ಪಡೆದ ಆರು ಮಂದಿ ಆರೋಗ್ಯವಂತರೂ ಒಂದೇ ದಿನದೊಳಗೆ ತೀವ್ರ ನಿಗಾ ಘಟಕ ಸೇರಿದರು.

ಇಟೋಲಿಜುಮ್ಯಾಬ್ ಹಿಡಿಯುವುದು ಟಿ ಕೋಶದ ಇನ್ನೊಂದು ಸಹಸಂಕೇತ ಪ್ರೋಟೀನಾದ ಸಿಡಿ6ನ್ನು. ಅದನ್ನು ತಡೆದರೆ ತೀವ್ರ ಕೋವಿಡ್‌ನಲ್ಲಿ ಮಿತಿಮೀರುವ ಉರಿಯೂತದ ರಾಸಾಯನಿಕಗಳು ತಗ್ಗುತ್ತವೆ ಎಂಬುದು ತರ್ಕ. ಆದರೆ ಸಿಡಿ6 ಟಿ ಕೋಶಕ್ಕೆ ಚುರುಕು ಕೊಡುತ್ತದೆಯೋ ಲಗಾಮು ಹಾಕುತ್ತದೆಯೋ ಎಂಬ ಬಗ್ಗೆ ಸಂಶೋಧಕರಲ್ಲೇ ಒಮ್ಮತವಿಲ್ಲ. ಹಾಗಿರುವಾಗ ಕೋವಿಡ್ ರೋಗಿಗಳ ಮೇಲಿನ ಪ್ರಯೋಗ ಇನ್ನಷ್ಟು ಗಟ್ಟಿಯಾಗಿರಬೇಕಿತ್ತು.

ಮುಂಬೈ ಮತ್ತು ದೆಹಲಿಯ ಆಸ್ಪತ್ರೆಗಳಲ್ಲಿ ನಡೆದ ಎರಡನೇ ಹಂತದ ಪ್ರಯೋಗದಲ್ಲಿ ಲೆಕ್ಕಕ್ಕೆ ಬಂದವರು 30 ರೋಗಿಗಳು. ಔಷಧ ಪಡೆದ 20 ಮಂದಿಯಲ್ಲಿ ಯಾರೂ ಸಾಯಲಿಲ್ಲ, ಪಡೆಯದ 10 ಮಂದಿಯಲ್ಲಿ ಮೂವರು ತೀರಿಕೊಂಡರು. ಆ ಮೂರು ಸಾವುಗಳಲ್ಲಿ ಒಂದೇ ಒಂದು ಔಷಧ ಪಡೆದವರ ಗುಂಪಿನಲ್ಲಾಗಿದ್ದರೂ ಇಡೀ ತೀರ್ಮಾನ ಅಲುಗಾಡುತ್ತಿತ್ತು. ಯಾರಿಗೆ ಔಷಧ ಕೊಡಲಾಗಿದೆ ಎಂಬುದು ವೈದ್ಯರಿಗೂ ರೋಗಿಗಳಿಗೂ ಗೊತ್ತಿತ್ತು ಬೇರೆ. ಔಷಧಕ್ಕೆ ಒಪ್ಪಿಗೆ ಸಿಗುವುದಕ್ಕೂ ಸುಮಾರು ಒಂದು ತಿಂಗಳು ಮೊದಲೇ ಬ್ರಿಟನ್ನಿನ ರಿಕವರಿ ಪ್ರಯೋಗ ಆರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಹೋಲಿಸಿ, ಅಗ್ಗದ ಡೆಕ್ಸಾಮೆಥಾಸೋನ್ ಜೀವ ಉಳಿಸುತ್ತದೆ ಎಂದು ತೋರಿಸಿತ್ತು. ಮಹಾಮಾರಿಯ ನಡುವೆ ದೊಡ್ಡ ಪ್ರಯೋಗ ಆಗದು ಎನ್ನುವ ಸಮರ್ಥನೆ ಇದರ ಮುಂದೆ ನಿಲ್ಲುವುದಿಲ್ಲ.

2020ರಲ್ಲಿ ಇಟೋಲಿಜುಮ್ಯಾಬ್‌ನ ಒಂದು ಸೀಸೆಗೆ ಸುಮಾರು 8,000 ರೂಪಾಯಿ ಇತ್ತು, ಚಿಕಿತ್ಸೆಗೆ ನಾಲ್ಕು ಸೀಸೆ ಬೇಕಿತ್ತು. ಬೀದರ್ ಜಿಲ್ಲೆಯ ಗೋರ್ಟಾದಂಥ ಊರಿನ ರೈತ ಮನೆಯವರು ಸಾಲ ಮಾಡಿ ಅಷ್ಟು ದುಡ್ಡು ಹೊಂದಿಸಬೇಕೆಂದರೆ, ಔಷಧ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬುದನ್ನು ಮೊದಲೇ ತಿಳಿಯುವ ಹಕ್ಕು ಅವರಿಗಿದೆ. ಕೋವಿಡ್ ಕುರಿತ ರಾಷ್ಟ್ರೀಯ ಕಾರ್ಯಪಡೆ ಈ ಔಷಧವನ್ನು ಚಿಕಿತ್ಸಾ ಮಾರ್ಗಸೂಚಿಗೆ ಸೇರಿಸಲಿಲ್ಲ. ಅದು ಸರಿಯಾದ ನಿರ್ಧಾರ. ಆದರೆ ಮಾರ್ಗಸೂಚಿಯಲ್ಲಿಲ್ಲದ ಔಷಧವನ್ನು ಬಳಸಲು ಕೊಟ್ಟ ಅನುಮತಿ ಮಾತ್ರ ಹಾಗೇ ಉಳಿಯಿತು.