ದೀವದ ಕೊರಳಿನ ಹಗ್ಗ

ಕಾವ್ಯದಲ್ಲಿ ಬರುವ ಬೇಟೆಯ ಬಗ್ಗೆ ನಾವು ಬರೆಯುವಾಗ ಸಾಮಾನ್ಯವಾಗಿ ಎರಡೇ ಪಾತ್ರಗಳನ್ನು ಇಟ್ಟುಕೊಳ್ಳುತ್ತೇವೆ: ಕೊಲ್ಲುವ ಬೇಟೆಗಾರ, ಸಾಯುವ ಮೃಗ. ಮೂರನೆಯದೊಂದು ಪಾತ್ರವಿದೆ. ಹಳಗನ್ನಡದಲ್ಲಿ ಅದರ ಹೆಸರು ‘ದೀವ’. ಕಾಡಿನ ಮೃಗವನ್ನು ಬಾಣದ ಅಳತೆಗೆ ಎಳೆದು ತರಲು ಬೇಟೆಗಾರ ಹಿಡಿದು, ಪಳಗಿಸಿ, ಕಟ್ಟಿ ನಿಲ್ಲಿಸುವ ಇನ್ನೊಂದು ಮೃಗ ಅದು. ಹಳಗನ್ನಡದ ಬೇಟೆ ವರ್ಣನೆಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಮೂರು ವರ್ಷಗಳಲ್ಲಿ ಬೇಟೆಗಾರನಿಗಿಂತ ಈ ದೀವವೇ ಹೆಚ್ಚು ಕಾಡಿದೆ.

ದೀವ ಎಂದರೆ ಎರೆ ಅಲ್ಲ. ಗಾಳಕ್ಕೆ ಸಿಕ್ಕಿಸಿದ ಎರೆಹುಳ ಒಂದು ಸಲಕ್ಕೆ ಮುಗಿಯುತ್ತದೆ. ದೀವ ನಾಳೆಯೂ ಬೇಕು. ಆದ್ದರಿಂದ ಅದಕ್ಕೆ ಮೇವು ಹಾಕಬೇಕು, ನೀರಿಡಬೇಕು, ಕಾಯಿಲೆ ಬಿದ್ದರೆ ನೋಡಿಕೊಳ್ಳಬೇಕು. ಇವತ್ತಿನ ಕನ್ನಡದಲ್ಲಿ ಈ ಎರಡಕ್ಕೂ ‘ಆಮಿಷ’ ಎಂಬ ಒಂದೇ ಮಾತು ಸಾಕಾಗಿದೆ. ಪದದ ಜೊತೆಗೆ ಒಂದು ವ್ಯತ್ಯಾಸವೂ ನಮ್ಮ ಕೈತಪ್ಪಿದೆ.

ದೀವಕ್ಕೆ ಜೀವ ಇರಲೇಬೇಕೆಂದೇನೂ ಇಲ್ಲ. ಅಮೆರಿಕದ ಮಿನ್ನೆಸೋಟ, ಮಿಷಿಗನ್ ರಾಜ್ಯಗಳಲ್ಲಿ ಚಳಿಗಾಲಕ್ಕೆ ಸರೋವರಗಳು ಹೆಪ್ಪುಗಟ್ಟಿದಾಗ ಪೈಕ್ ಎಂಬ ದೊಡ್ಡ ಬೇಟೆಗಾರ ಮೀನನ್ನು ಈಟಿಯಿಂದ ಹಿಡಿಯುತ್ತಾರೆ. ಮಂಜುಗಡ್ಡೆಯಲ್ಲಿ ಅಗಲವಾದ ಕಂಡಿ ಕೊರೆದು, ಅದರ ಮೇಲೆ ಬೆಳಕು ನುಸುಳದ ಪುಟ್ಟ ಗುಡಿಸಲು ನಿಲ್ಲಿಸಿ ಒಳಗೆ ಕೂರುತ್ತಾರೆ. ಗುಡಿಸಲೊಳಗೆ ಕತ್ತಲು, ಹೊರಗಿನ ಬೆಳಕು ಮಂಜಿನ ಮೂಲಕ ಇಳಿದು ಕೆಳಗಿನ ನೀರು ಮಾತ್ರ ಬೆಳಗುತ್ತಿರುತ್ತದೆ. ಮರದಲ್ಲಿ ಕೆತ್ತಿ, ಹೊಟ್ಟೆಗೆ ಸೀಸ ತುಂಬಿ, ತಗಡಿನ ಈಜುರೆಕ್ಕೆ ಹಚ್ಚಿದ ಮೀನೊಂದನ್ನು ದಾರದಲ್ಲಿ ಇಳಿಬಿಟ್ಟು ಆಡಿಸುತ್ತಾರೆ. ಅದಕ್ಕೆ ಗಾಳವಿಲ್ಲ. ಕಣ್ಣಿಗೆ ಬೀಳುವುದಷ್ಟೇ ಅದರ ಕೆಲಸ. ಪೈಕ್ ನೋಡಲು ಬರುತ್ತದೆ, ಮೇಲಿಂದ ಈಟಿ ಇಳಿಯುತ್ತದೆ. ಒಜಿಬ್ವೆ ಮೂಲನಿವಾಸಿಗಳು ಇಂಥ ಮೀನುಗಳನ್ನು ಕೆತ್ತುವುದರಲ್ಲಿ ಹೆಸರಾದವರು. ಹಳೆಯ ಮರದ ಮೀನುಗಳನ್ನು ಈಗ ಜನಪದ ಕಲೆಯೆಂದು ಸಂಗ್ರಹಿಸುತ್ತಾರೆ. ಅಲ್ಲಿ ಕೌಶಲವೆಲ್ಲ ಕೆತ್ತುವ ಕೈಯಲ್ಲಿದೆ, ಮರದ ಮೀನಿನ ಮೇಲೆ ಯಾವ ಅಪವಾದವೂ ಬರುವುದಿಲ್ಲ. ನಮ್ಮ ಕಾವ್ಯಗಳ ದೀವಕ್ಕೆ ಜೀವವಿದೆ. ಆದ್ದರಿಂದಲೇ ಅದು ಸಾಹಿತ್ಯದ ಪ್ರಶ್ನೆಯಾಗುತ್ತದೆ.

ಸುಮಾರು 941ರ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಖಾಂಡವ ದಹನಕ್ಕೆ ಮುಂಚೆ ಬೇಟೆಯ ಭಾಗವೊಂದು ಬರುತ್ತದೆ. ಅದು ಕಸುಬು ಬಲ್ಲವರ ಪರಿಭಾಷೆಯಿಂದ ತುಂಬಿದೆ. ಅದನ್ನು ಓದಲು ಇವತ್ತಿನ ವಿದ್ಯಾರ್ಥಿಗೆ ವ್ಯಾಖ್ಯಾನ ಬೇಕೇ ಬೇಕು. ಪಂಪನ ಗಮನ ವಿದ್ಯೆಯ ಮೇಲೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ ಬೇಟೆಯನ್ನೂ ಮೀನು ಹಿಡಿಯುವುದನ್ನೂ ಅರಸನ ವಿನೋದಗಳ ಪಟ್ಟಿಗೆ ಸೇರಿಸುತ್ತದೆ. ಅರಮನೆಯ ಕಡೆಯಿಂದ ನೋಡಿದರೆ ದೀವವೂ ಬಿಲ್ಲಿನ ಹಾಗೆ, ಬಲೆಯ ಹಾಗೆ ಒಂದು ಸಲಕರಣೆ.

ಇದೇ ಪ್ರಾಣಿಯನ್ನು ಬೇರೆ ಕಡೆಯಿಂದ ನೋಡಿದವನು ಪಕ್ಕದ ತಮಿಳಿನ ಸಂಗಂ ಕವಿ. ‘ಪೆರುಂಬಾಣಾಟ್ರುಪ್ಪಡೈ’ಯಲ್ಲಿ ಎಯಿನರ್ ಎಂಬ ಬೇಡರ ಗುಡಿಸಲಿನ ವರ್ಣನೆಯಿದೆ. ಅಂಗಳದಲ್ಲಿ ಒಂದು ಬೇಲದ ಮರ. ದೀವದ ಜಿಂಕೆಯನ್ನು ಕಟ್ಟಿ ಕಟ್ಟಿ ಆ ಮರದ ಬುಡ ಸವೆದುಹೋಗಿದೆ. ಜಿಂಕೆ ದುಃಖದಲ್ಲಿತ್ತು ಎಂದು ಕವಿ ಹೇಳಬೇಕಾಗಿಲ್ಲ; ಎಷ್ಟು ದಿನ ಅದು ಹಗ್ಗ ಎಳೆದಿರಬಹುದು ಎಂಬುದನ್ನು ಮರದ ಸವೆತವೇ ಹೇಳುತ್ತದೆ. ದೀವಕ್ಕೆ ಅಲ್ಲಿ ಬಳಸಿರುವ ಪದ ‘ಪಾರ್ವೈ’, ಅಂದರೆ ನೋಟ. ಮಂಜಿನ ಕೆಳಗಿನ ಮರದ ಮೀನಿಗೂ ಒಪ್ಪುವ ಹೆಸರು.

ಈ ಹಗ್ಗವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾರೀಚನ ಪ್ರಸಂಗಕ್ಕೆ ಬರೋಣ. ನಮ್ಮ ಪರಂಪರೆಯ ಅತಿ ಪ್ರಸಿದ್ಧ ದೀವ ಅವನೇ. ನಾವು ಅವನನ್ನು ‘ಮಾಯಾಮೃಗ’ ಎಂದು ಕರೆದು ಮುಂದೆ ಹೋಗುತ್ತೇವೆ. ಆದರೆ ವಾಲ್ಮೀಕಿಯ ಮಾರೀಚ ಮೊದಲು ಒಪ್ಪುವುದೇ ಇಲ್ಲ. ರಾಮನ ಬಾಣದ ರುಚಿ ಕಂಡವನು ಅವನು. ‘ರ’ಕಾರದಿಂದ ಶುರುವಾಗುವ ಪದ ಕೇಳಿದರೂ ನಡುಗುವಷ್ಟು ಹೆದರಿದವನು. ಬೇಡವೆಂದು ರಾವಣನಿಗೆ ಬುದ್ಧಿ ಹೇಳುತ್ತಾನೆ. ಹೋಗದಿದ್ದರೆ ನಾನೇ ಕೊಲ್ಲುತ್ತೇನೆ ಎಂದು ರಾವಣ ಹೇಳಿದ ಮೇಲಷ್ಟೇ ಹೊರಡುತ್ತಾನೆ. ಹೋದರೂ ಸಾವು, ಹೋಗದಿದ್ದರೂ ಸಾವು. ಚಿನ್ನದ ಮೈಯ ಕೆಳಗೆ ಹಗ್ಗವಿದೆ, ‘ಮಾಯೆ’ ಎಂಬ ಮಾತು ಅದನ್ನು ಮುಚ್ಚಿಬಿಡುತ್ತದೆ.

ಜೈನ ಪರಂಪರೆಯ ನಾಗಚಂದ್ರ ತನ್ನ ‘ರಾಮಚಂದ್ರಚರಿತಪುರಾಣ’ದಲ್ಲಿ ಹೊನ್ನಿನ ಜಿಂಕೆಯನ್ನೇ ತರುವುದಿಲ್ಲ. ಅಲ್ಲಿ ರಾಮನನ್ನು ಸೀತೆಯಿಂದ ದೂರ ಮಾಡುವುದು ಒಂದು ಸಿಂಹನಾದ, ಲಕ್ಷ್ಮಣ ಆಪತ್ತಿನಲ್ಲಿದ್ದಾನೆ ಎಂದು ನಂಬಿಸುವ ಸುಳ್ಳು ಕೂಗು. ಇದನ್ನು ಕಥೆಯ ಒಂದು ಬದಲಾವಣೆಯೆಂದು ಪಾಠಗಳಲ್ಲಿ ಹೇಳಿ ಮುಗಿಸುತ್ತೇವೆ. ನನಗೆ ಇದು ದೀವದ ಪ್ರಶ್ನೆಗೆ ಸಿಕ್ಕ ಇನ್ನೊಂದು ಉತ್ತರವಾಗಿ ಕಾಣುತ್ತದೆ. ಬರೀ ದನಿಯೇ ದೀವವಾದಾಗ ಬಾಣಕ್ಕೆ ಸಿಕ್ಕುವ ಮೈಯೇ ಇರುವುದಿಲ್ಲ, ಯಾರನ್ನೂ ಕಟ್ಟಿಹಾಕಬೇಕಾಗಿಲ್ಲ. ಮೋಸ ನಡೆಯುತ್ತದೆ, ಆದರೆ ಮೋಸದ ಸಲಕರಣೆಯಾಗಿ ಒಂದು ಜೀವ ಸಾಯುವುದಿಲ್ಲ. ಇದರಿಂದ ಕಥೆ ಕಳೆದುಕೊಂಡದ್ದೂ ಇದೆ. ಒಲ್ಲೆ ಎಂದು ಅಂಗಲಾಚಿದ ಮಾರೀಚ ಈ ಕಥೆಯಲ್ಲಿ ನಮಗೆ ಸಿಗುವುದಿಲ್ಲ.

ಪುಸ್ತಕದ ಹೊರಗೂ ದೀವ ಇತ್ತು. ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮೂರಿನ ಕಡೆ ರಾಗಿ ಹೊಲದ ಬದುಗಳಲ್ಲಿ ಗೌಜಲಹಕ್ಕಿ ಹಿಡಿಯುತ್ತಿದ್ದ ಕಾಲವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಸಾಕಿದ ಗಂಡು ಹಕ್ಕಿಯನ್ನು ಪಂಜರದಲ್ಲಿಟ್ಟು ಸುತ್ತ ಉರುಳು ಹಾಕುವುದು ಅದರ ಕ್ರಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದು ಅಪರಾಧ. ಪಂಜರದ ಹಕ್ಕಿ ತನ್ನವರನ್ನು ಕರೆದು ಸಿಕ್ಕಿಸಿಬಿಡುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ ಒಬ್ಬ ತಾತ ನಕ್ಕರು. “ಅದು ಕರ್ಯಲ್ಲ ಕಣವ್ವ. ಇದು ನನ್ ಜಾಗ, ಯಾವನ್ಲಾ ನೀನು ಅಂತ ಬೈತದೆ. ಆಚೇಲಿರೋನು ಜಗಳಕ್ಕೆ ಬತ್ತಾನೆ, ಸಿಕ್ಕಾಕ್ಕತಾನೆ.”

ನನ್ನ ಪ್ರಬಂಧದ ಒಂದು ಅಧ್ಯಾಯ ಈ ಮಾತಿನಿಂದ ದಿಕ್ಕು ಬದಲಿಸಿತು. ಗಂಡು ಗೌಜಲಹಕ್ಕಿಯ ಕೂಗು ನಿಜಕ್ಕೂ ತನ್ನ ಸರಹದ್ದು ಸಾರುವ ಕೂಗು. ಎರಡು ಮೊಳದ ಪಂಜರದಲ್ಲಿ ಕೂತು ಅದು ಇಡೀ ಹೊಲ ನನ್ನದು ಎನ್ನುತ್ತಿದೆ. ಅದರಲ್ಲಿ ದ್ರೋಹವಿಲ್ಲ, ಸುಳ್ಳೂ ಇಲ್ಲ. ಸ್ವತಂತ್ರವಾಗಿದ್ದಾಗ ಕೂಗುತ್ತಿದ್ದುದನ್ನೇ ಅದು ಈಗಲೂ ಕೂಗುತ್ತಿದೆ. ಆ ಕೂಗಿನ ಅರ್ಥವನ್ನು ಬದಲಿಸಿದ್ದು ಸುತ್ತ ಹಾಸಿದ ಉರುಳು. ದೀವವನ್ನು ಕುಲದ್ರೋಹಿಯ ರೂಪಕವಾಗಿ ಬಳಸುವಾಗ ನಾವು ಉರುಳು ಹಾಸಿದವನನ್ನು ಚಿತ್ರದಿಂದ ಹೊರಗಿಡುತ್ತೇವೆ.

ಹಗ್ಗವಿದೆ ಎಂದ ಮಾತ್ರಕ್ಕೆ ದೀವ ನಿರಪರಾಧಿಯಾಯಿತೇ ಎಂದು ನೀವು ಕೇಳಬಹುದು. ಮಾರೀಚನ ಉದಾಹರಣೆ ಅಷ್ಟು ಸರಳವಾಗಿಲ್ಲ. ಹಿಂದೆ ಋಷಿಗಳನ್ನು ಕೊಂದು ತಿಂದದ್ದನ್ನು ಅವನೇ ಹೇಳಿಕೊಳ್ಳುತ್ತಾನೆ. ಸಾಯುವಾಗ ರಾಮನ ದನಿಯಲ್ಲಿ ಕೂಗಿ ಒಪ್ಪಿಸಿದ ಕೆಲಸವನ್ನು ಪೂರ್ತಿ ಮಾಡಿಯೇ ಹೋಗುತ್ತಾನೆ. ನಾನು ಕೇಳುತ್ತಿರುವುದು ಕ್ಷಮೆಯನ್ನಲ್ಲ. ತೀರ್ಪು ಕೊಡುವ ಮುಂಚೆ ಹಗ್ಗ ಎಷ್ಟು ಉದ್ದವಿತ್ತು, ಅದರ ತುದಿ ಯಾರ ಕೈಯಲ್ಲಿತ್ತು ಎಂದು ನೋಡಬೇಕು, ಅಷ್ಟೇ.

ಇದು ಹಳಗನ್ನಡ ತರಗತಿಯ ಮಾತು ಮಾತ್ರವಲ್ಲ. ಕೆಲಸ ಕೊಡಿಸುತ್ತೇವೆಂದು ಕಾಂಬೋಡಿಯ, ಮ್ಯಾನ್ಮಾರ್‌ಗಳಿಗೆ ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಭಾರತೀಯ ಯುವಜನರ ಸುದ್ದಿಯನ್ನು ಓದಿದ್ದೇವೆ. ನನ್ನ ವಯಸ್ಸಿನವರು, ನನ್ನ ಹಾಗೆಯೇ ಡಿಗ್ರಿ ಮುಗಿಸಿ ಕೆಲಸ ಹುಡುಕಿದವರು. ಅವರಿಂದಲೇ ಅವರ ದೇಶದವರಿಗೆ ಫೋನ್ ಮಾಡಿಸುತ್ತಾರೆ, ಮೆಸೇಜ್ ಕಳಿಸುತ್ತಾರೆ. ಪರಿಚಿತ ಭಾಷೆಯ ದನಿಯನ್ನು ನಂಬಿ ಈ ಕಡೆ ಯಾರೋ ಹಣ ಕಳೆದುಕೊಳ್ಳುತ್ತಾರೆ. ಅಂಥವರನ್ನು ಸುದ್ದಿಗಳು ಒಂದು ದಿನ ‘ವಂಚಕರು’ ಎನ್ನುತ್ತವೆ, ಇನ್ನೊಂದು ದಿನ ‘ಸಂತ್ರಸ್ತರು’ ಎನ್ನುತ್ತವೆ. ಎರಡೂ ಒಟ್ಟಿಗೆ ನಿಜವಾಗಿರುವ ಸ್ಥಿತಿಗೆ ನಮ್ಮ ಹತ್ತಿರ ಪದವಿಲ್ಲ ಎಂಬಂತೆ ಬರೆಯುತ್ತೇವೆ.

ಪದ ಇದೆ. ಸಾವಿರ ವರ್ಷದಿಂದ ಇದೆ. ‘ದೀವ’ವನ್ನು ಶಬ್ದಕೋಶದಿಂದ ಹೊರತೆಗೆದು ಮತ್ತೆ ಬಳಕೆಗೆ ತಂದರೆ ಹಳೆಯ ಪಠ್ಯಗಳ ಬೇಟೆಯನ್ನು ಮೂರನೆಯ ಪಾತ್ರದ ಕಡೆಯಿಂದಲೂ ಓದಬಹುದು. ಇವತ್ತಿನ ಸುದ್ದಿಯನ್ನೂ ಹಾಗೆಯೇ ಓದಬಹುದು.